ಕಿಸೆ ಕ್ಯಾಮೆರಾ, ಪಟ, ಇಂಚು, ತಡ: ನಾಲ್ಕು ಸಂಶಯ

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಊರಿನ ವಾಚನಾಲಯದ ಕೈಬರಹದ ಪತ್ರಿಕೆಗೆ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾದ ಬಗ್ಗೆ ಬರೆಯುತ್ತಿದ್ದೇನೆ. ಭಾವ ದುಬಾಯಿಯಿಂದ ಬರುವಾಗ ತಂದುಕೊಟ್ಟದ್ದು. ನೂರೈವತ್ತು ಗ್ರಾಂ ಕೂಡ ತೂಗದು, ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ತೋಟಕ್ಕೆ ಹೋದರೆ ಇದ್ದದ್ದೇ ಗೊತ್ತಾಗುವುದಿಲ್ಲ. ಎರಡು ತಿಂಗಳು ಬಳಸಿ ಈಗ ಬರೆಯಲು ಕುಳಿತರೆ ಪದಗಳು ಕೈಕೊಡುತ್ತಿವೆ.

ಮೊದಲು ‘ಅಲ್ಟ್ರಾ ಕಾಂಪ್ಯಾಕ್ಟ್’. ‘ಅತಿಸಾಂದ್ರ’ ಎಂದು ಬರೆದು ಹೊಡೆದುಹಾಕಿದೆ. ಸಾಂದ್ರ ಎಂದರೆ ದಟ್ಟ, ಗಟ್ಟಿ. ‘ಧ್ವನಿಸಾಂದ್ರಿಕೆ’ಯಲ್ಲಿ ಅದು ಒಪ್ಪುತ್ತದೆ, ಹಾಡುಗಳನ್ನು ಒತ್ತೊತ್ತಾಗಿ ತುಂಬಿದ ತಟ್ಟೆ ತಾನೇ. ಈ ಕ್ಯಾಮೆರಾದ ಗುಣ ಕಿಸೆಗೆ ಹಿಡಿಯುವುದು. ಅದಕ್ಕೇ ‘ಕಿಸೆ ಕ್ಯಾಮೆರಾ’ ಎಂದೆ. ಮಲಯಾಳದ ಕೀಶ, ಮರಾಠಿಯ ಖಿಸಾ ಎರಡೂ ನಮ್ಮ ಕಿಸೆಯ ನೆಂಟರು. ಜೇಬು ಎನ್ನುವ ಮೈಸೂರು ಕಡೆಯವರ ಕಿವಿಗೆ ಇದು ಹೇಗೆ ಕೇಳುತ್ತದೆ?

‘ಛಾಯಾಚಿತ್ರ’ವನ್ನೂ ಬಿಡಬೇಕಾಯಿತು. ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಮಲಯಾಳವೂ ಬರುತ್ತದೆ. ಅಲ್ಲಿ ಛಾಯ ಎಂದರೆ ಮುಖದ ಹೋಲಿಕೆ, ಛಾಯಾಚಿತ್ರ ಎಂದರೆ ವ್ಯಕ್ತಿಯ ಭಾವಚಿತ್ರ. ‘ದಿನನಿತ್ಯದ ಛಾಯಾಚಿತ್ರಕ್ಕೆ ಒಳ್ಳೆಯದು’ ಎಂದರೆ ತಪ್ಪು ತಿಳಿಯುತ್ತಾರೆ. ಇಲ್ಲಿ ಎಲ್ಲರೂ ಆಡುವುದು ‘ಪಟ ತೆಗೆಯುವುದು’ ಎಂದೇ. ನಾನೂ ಪಟ ಎಂದೇ ಬರೆದಿದ್ದೇನೆ.

ಇನ್ನು ‘ಇಂಚು’. ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ‘1/2.3 ಇಂಚಿನ’ ಸಂವೇದಕ, ಅಂದರೆ ಬೆಳಕನ್ನು ಹಿಡಿದು ಪಟ ಮಾಡುವ ಒಳಗಿನ ಬಿಲ್ಲೆ. ಲೆಕ್ಕ ಹಾಕಿದರೆ 11 ಮಿಲಿಮೀಟರ್ ಆಗಬೇಕು. ನಿಜವಾಗಿ ಅದರ ಅಗಲ ಸುಮಾರು 6.2, ಎತ್ತರ 4.6 ಮಿಲಿಮೀಟರ್, ಮೂಲೆಯಿಂದ ಮೂಲೆಗೂ 8 ತುಂಬುವುದಿಲ್ಲ. ಹಳೆಯ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರಸುತ್ತಿನ ವ್ಯಾಸದಿಂದ ಬಂದ ಹೆಸರು ಅದು. ಕೊಳವೆ ಹೋಯಿತು, ಇಂಚು ಉಳಿಯಿತು. ‘1 ಇಂಚು’ ಎನ್ನುವ ಸಂವೇದಕವೂ 13.2 ಮತ್ತು 8.8 ಮಿಲಿಮೀಟರಿನದ್ದೇ. ಆದರೆ ವಿಸ್ತೀರ್ಣದಲ್ಲಿ ಮೊದಲಿನದರ ನಾಲ್ಕರಷ್ಟು, ಆದ್ದರಿಂದ ಮಬ್ಬು ಬೆಳಕಿನಲ್ಲಿ ತೆಗೆದ ಪಟ ಕಾಳುಕಾಳಾಗಿ ಕಾಣುವುದು ಕಡಿಮೆ. ಅಳತೆಯೇ ಅಲ್ಲದ ಇದನ್ನು ಇಂಚು ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಸದ್ಯಕ್ಕೆ ಮಿಲಿಮೀಟರನ್ನೇ ಕೊಟ್ಟಿದ್ದೇನೆ.

ನಿಜವಾಗಿ ಸಿಕ್ಕಿಬಿದ್ದಿರುವುದು ‘ಶಟರ್ ಲ್ಯಾಗ್’ನಲ್ಲಿ, ಅಂದರೆ ಗುಂಡಿ ಒತ್ತಿದ ಮೇಲೆ ಕ್ಯಾಮೆರಾ ಪಟ ತೆಗೆಯುವವರೆಗಿನ ಹೊತ್ತು. ಅಡಕೆ ಕೊಯ್ಲಿನ ದಿನ ಕೊಯ್ಯುವವರು ಮರದ ತುದಿಯಲ್ಲಿ ತೊನೆದು ತೊನೆದು ಪಕ್ಕದ ಮರವನ್ನು ಹಿಡಿದರು. ಆ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದೆ. ಪಟದಲ್ಲಿ ಬಂದದ್ದು ತೂಗಾಡುತ್ತಿರುವ ಬೋಳು ಮರ, ಮೂಲೆಯಲ್ಲಿ ಒಂದು ಹಿಮ್ಮಡಿ. ಅವರಿಗೆ ತೋರಿಸಿದಾಗ, “ನಾನು ಆಚೆ ಮರಕ್ಕೆ ಎತ್ತಿದ ಮೇಲೆ ಒತ್ತಿದ್ದಾ?” ಎಂದು ಕೇಳಿದರು. ಅಲ್ಲ, ನಾನು ಒತ್ತಿದ್ದು ಹೊತ್ತಿಗೆ ಸರಿಯಾಗಿಯೇ. ಕ್ಯಾಮೆರಾ ಆಮೇಲೆ ದೂರ ಹೊಂದಿಸಿಕೊಂಡು (ಫೋಕಸ್ ಮಾಡಿಕೊಂಡು) ಪಟ ತೆಗೆಯಿತು.

‘ತಡ’ ಎಂದು ಬರೆದರೆ ಓದುಗರೂ ಹಾಗೆಯೇ ತಿಳಿಯುತ್ತಾರೆ, ತಪ್ಪು ಒತ್ತಿದವನ ಮೇಲೆ ಬರುತ್ತದೆ. ‘ವಿಳಂಬ’ ಎಂದರೆ ಯಕ್ಷಗಾನದ ಊರಿನವರಿಗೆ ಮೊದಲು ನೆನಪಾಗುವುದು ಲಯ, ಅದು ದೋಷವೇ ಅಲ್ಲ. ‘ಒತ್ತುತಡ’ ಎಂದು ಕಟ್ಟಿ ನೋಡಿದೆ, ನಾಲಗೆಗೆ ತೊಡಕು. ಪರಿಹಾರಕ್ಕೆ ಮಾತ್ರ ಒಳ್ಳೆಯ ಪದ ಸಿಕ್ಕಿದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದುಕೊಂಡರೆ ಕ್ಯಾಮೆರಾ ಮೊದಲೇ ದೂರ ಹೊಂದಿಸಿಕೊಳ್ಳುತ್ತದೆ, ಆಮೇಲೆ ಪೂರ್ತಿ ಒತ್ತಿದರೆ ಕಾಯಿಸುವುದು ಬಹಳ ಕಡಿಮೆ. ಅದಕ್ಕೆ ‘ಅರೆಯೊತ್ತು’ ಎಂದಿದ್ದೇನೆ.

ಮನುಷ್ಯನ ತಡಕ್ಕೂ ಯಂತ್ರದ ತಡಕ್ಕೂ ಬೇರೆ ಬೇರೆ ಮಾತು ನಿಮ್ಮ ಕಡೆಯ ಆಡುನುಡಿಯಲ್ಲಿ ಇದೆಯೇ? ನೀರಿನ ಪಂಪು ಹಾಕಿದ ಮೇಲೆ ನೀರು ಬರುವವರೆಗಿನ ಹೊತ್ತಿಗೆ ಯಾರಾದರೂ ಏನಾದರೂ ಹೇಳುವುದನ್ನು ಕೇಳಿದ್ದರೆ, ಅದನ್ನೂ ದಯವಿಟ್ಟು ಬರೆಯಿರಿ.