ಪ್ರಾರ್ಥನೆಯೇ ಹೊರಡದ ದಿನಗಳಲ್ಲಿ ಏನು ಮಾಡುತ್ತೀರಿ? ಅನುಭವಸ್ಥರು ಹೇಳಿ

ಪ್ರಶ್ನೆ: ಗಂಡನ ಕಾಯಿಲೆ ವರ್ಷ ಕಳೆದರೂ ವಾಸಿಯಾಗಿಲ್ಲ. ಬೈಬಲ್ ತೆರೆದರೆ ತಲೆಗೆ ಹತ್ತುವುದಿಲ್ಲ, ಪ್ರಾರ್ಥನೆಗೆ ಕೂತರೆ ಮಾತು ಬರುವುದಿಲ್ಲ. ನೋಡಲು ಬಂದವರು "ವಿಶ್ವಾಸ ಇಡಿ, ಎಲ್ಲಾ ಸರಿಹೋಗುತ್ತೆ" ಅಂದಷ್ಟೂ ಕುಗ್ಗಿಹೋಗುತ್ತೇನೆ. ನಿರೀಕ್ಷೆ ಉಳಿಸಿಕೊಳ್ಳುವುದು ಹೇಗೆ?

ಉತ್ತರ:
ತಂಗಿ, ಸ್ವಂತ ಮಾತು ಬರದಿದ್ದರೆ ಹುಡುಕಬೇಡಿ, ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 13ನೇ ಕೀರ್ತನೆ ತೆಗೆಯಿರಿ. ಇರುವುದು ಆರೇ ವಚನ. ಮೊದಲ ಎರಡು ಬರೀ ದೂರು: "ಇನ್ನೆಷ್ಟು ಕಾಲ?" ಅನ್ನುವ ಪ್ರಶ್ನೆ ಅಷ್ಟರಲ್ಲೇ ಮತ್ತೆ ಮತ್ತೆ ಬರುತ್ತದೆ. ಮೂರು, ನಾಲ್ಕು ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ಕಣ್ಣಿಗೆ ಕಳೆ ಕೊಡು. ಐದು, ಆರು ಭರವಸೆ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ನಿಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಎರಡನೇ ಸಾಲಿಗೇ ಯೋಚನೆ ಬೇರೆ ಕಡೆ ಓಡುತ್ತದೆ. ಎರಡನೇ ವಚನ ಮುಗಿದ ಮೇಲೆ ನಿಂತು, ಆ ದಿನ ಎದೆಗೆ ಚುಚ್ಚಿದ ಒಂದು ಸಂಗತಿಯನ್ನು ಒಂದೇ ವಾಕ್ಯದಲ್ಲಿ ಸೇರಿಸಿ: "ಕರ್ತನೇ, ಇವತ್ತಿನ ರಿಪೋರ್ಟೂ ಸರಿಯಿಲ್ಲ, ಇನ್ನೆಷ್ಟು ಕಾಲ?" ಅಂತ. ಕೊನೆಯ ಎರಡು ವಚನ ಬಾಯಿಗೆ ಬರದ ದಿನ ನಾಲ್ಕಕ್ಕೇ ನಿಲ್ಲಿಸಿ. ಬರದ ಭರವಸೆಯನ್ನು ಬಲವಂತವಾಗಿ ಹೇಳಿಸಿಕೊಂಡರೆ ಮರುದಿನ ಕೂರಲೇ ಮನಸ್ಸಾಗುವುದಿಲ್ಲ. ಹೊಸ ಅಧ್ಯಾಯಕ್ಕೂ ಅವಸರ ಬೇಡ, ಒಂದೆರಡು ವಾರ ಇದೊಂದೇ ಸಾಕು.

ಉತ್ತರ:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಸಂಕಟದಲ್ಲಿ ಹೆಚ್ಚಿನವರು ಸಮಾಧಾನದ ವಚನಗಳನ್ನು ಮಾತ್ರ ಆರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಬೈಬಲಿನ ಪ್ರಲಾಪಗಳು ಪುಸ್ತಕದ 3ನೇ ಅಧ್ಯಾಯದ 22, 23ನೇ ವಚನಗಳು, ಅಂದರೆ ದೇವರ ಕರುಣೆ ದಿನದಿನವೂ ಹೊಸದು ಅನ್ನುವ ಮಾತು, ಎಲ್ಲರಿಗೂ ಗೊತ್ತು. ಆದರೆ ಅದೇ ಅಧ್ಯಾಯದ 18ನೇ ವಚನದಲ್ಲಿ ಅದೇ ಮಾತು ಹೇಳುವ ಮನುಷ್ಯ ತನ್ನ ನಿರೀಕ್ಷೆಯೇ ಹಾಳಾಯಿತು ಅನ್ನುತ್ತಾನೆ. ಒಂದನೇ ವಚನದಿಂದ ಓದಿಕೊಂಡು ಬಂದರೆ ಮಾತ್ರ 22ಕ್ಕೆ ತೂಕ ಬರುತ್ತದೆ. ಆ ಪುಸ್ತಕವೂ ನಗುನಗುತ್ತಾ ಮುಗಿಯುವುದಿಲ್ಲ, ಕೊನೆಯ ವಚನದಲ್ಲೂ ನೋವು ಹಾಗೇ ಇದೆ.

ತೀರಾ ಕತ್ತಲೆ ಕವಿದ ದಿನಕ್ಕೆ 88ನೇ ಕೀರ್ತನೆ. ಅದರಲ್ಲಿ ತಿರುವೇ ಇಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಮೊದಲ ಸಾಲಿನಲ್ಲಿ ಕರೆದಿರುವುದು ರಕ್ಷಿಸುವ ದೇವರನ್ನೇ. ನಿರೀಕ್ಷೆ ಅಂದರೆ ಕೆಲವು ದಿನ ಅಷ್ಟೇ ಇರುತ್ತದೆ: ಯಾರನ್ನು ಕರೆಯಬೇಕು ಅನ್ನುವುದು ಮರೆಯದಿರುವುದು. ಇದನ್ನು ರಾತ್ರಿ ಒಬ್ಬರೇ ಓದಬೇಡಿ, ಜೊತೆಗೆ ಯಾರಾದರೂ ಇರಲಿ.

ಉತ್ತರ:
ಊಟ, ನಿದ್ದೆ ಹೇಗಿದೆ? ಅದನ್ನು ಮೊದಲು ನೋಡಿಕೊಳ್ಳಿ. ಬೈಬಲಿನ 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕು ಅಂತ ಬೇಡಿಕೊಂಡಾಗ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟು, ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ದೇವರು ಮಾತಾಡಿದ್ದು ಅದಾದ ಮೇಲೆ. ರೋಗಿಯ ಆರೈಕೆ ಮಾಡುವವರು ಉಪವಾಸ ಪ್ರಾರ್ಥನೆಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಉಪವಾಸವನ್ನು ಚರ್ಚ್ ಸಭೆಯ ಬೇರೆಯವರು ಹೊರಲಿ.

ಉತ್ತರ:
"ವಿಶ್ವಾಸ ಸಾಲದು, ಅದಕ್ಕೇ ವಾಸಿಯಾಗಿಲ್ಲ" ಅನ್ನುವವರ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಸಹೋದರಿ. ಅಪೊಸ್ತಲ ಪೌಲನು ತನ್ನ ಶರೀರದಲ್ಲಿದ್ದ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ತೆಗೆಯಬೇಕೆಂದು ಮೂರು ಸಾರಿ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಬಂತು. ಶಿಲುಬೆಗೆ ಹೋಗುವ ಮುಂಚಿನ ರಾತ್ರಿ ಯೇಸು ಗೆತ್ಸೇಮನೆಯಲ್ಲಿ, ಈ ಪಾತ್ರೆ (ಅಂದರೆ ಬರಲಿದ್ದ ಸಂಕಟ) ತೊಲಗಲಿ ಅಂತ ಮೂರನೇ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದನು, ಪಾತ್ರೆ ತೊಲಗಲಿಲ್ಲ. ಇವರಿಬ್ಬರಿಗೂ ವಿಶ್ವಾಸ ಸಾಲದಾಗಿತ್ತೇ? ಹುಟ್ಟು ಕುರುಡನನ್ನು ಕಂಡು "ಯಾರ ಪಾಪ?" ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಅಂದದ್ದು ಯೇಸುವೇ.

ಹರಕೆಯ ಚೌಕಾಸಿಗೂ ಇಳಿಯಬೇಡಿ. "ಇದನ್ನು ಮಾಡುತ್ತೇನೆ, ವಾಸಿಮಾಡು" ಅಂದುಕೊಂಡರೆ ಕಾಯಿಲೆ ಹೆಚ್ಚಾದ ದಿನ ತಪ್ಪೆಲ್ಲಾ ನಿಮ್ಮ ತಲೆಯ ಮೇಲೇ ಬೀಳುತ್ತದೆ. ವಿಶ್ವಾಸ ತೋರಿಸಲಿಕ್ಕೆ ಔಷಧಿ ನಿಲ್ಲಿಸಿ ಅಂತ ಯಾರೇ ಹೇಳಿದರೂ ಕೇಳಬೇಡಿ. ಪ್ರಾರ್ಥನೆಯೂ ನಡೆಯಲಿ, ಮಾತ್ರೆಯೂ ಹೊತ್ತಿಗೆ ಸರಿಯಾಗಿ ನಡೆಯಲಿ. ನಿಮಗೇ ಎರಡು ವಾರದಿಂದ ನಿದ್ದೆ ಹತ್ತದಿದ್ದರೆ, ಏಳುವ ಶಕ್ತಿಯೇ ಇಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಬದುಕೇ ಬೇಡ ಅನ್ನಿಸಿದರೆ ಒಂದು ಗಂಟೆಯೂ ಕಾಯಬೇಡಿ: ಹತ್ತಿರದವರನ್ನು ಕರೆಯಿರಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ.

ಉತ್ತರ:
ಇದು ನೋಡಲು ಹೋಗುವವರಿಗೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಸುಮ್ಮನೆ ಅವನ ಜೊತೆ ನೆಲದ ಮೇಲೆ ಕೂತರು. ಅಷ್ಟನ್ನು ಚೆನ್ನಾಗಿಯೇ ಮಾಡಿದರು. ಬಾಯಿಬಿಟ್ಟು ಕಾರಣ ಹುಡುಕಲು ಹೊರಟ ಮೇಲೆ ಕೆಟ್ಟಿತು, ಕೊನೆಗೆ ದೇವರ ಕೋಪ ಅವರ ಮೇಲೇ ತಿರುಗಿತು. ರೋಮಾಪುರದವರಿಗೆ ಬರೆದ ಪತ್ರದ 8:28, ಅಂದರೆ ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನುವುದು, ನಿಜವಾದ ಮಾತೇ, ಆದರೆ ಅದು ನೋವಿನಲ್ಲಿರುವವರು ತಾವಾಗಿ ಹೇಳಬೇಕಾದ್ದು, ನಾವು ಅವರ ಮೇಲೆ ಹೇರುವಂಥದ್ದಲ್ಲ. ನಮಗೆ ಕೊಟ್ಟಿರುವುದು ಅದೇ ಪತ್ರದ 12:15, ಅಳುವವರ ಸಂಗಡ ಅಳುವುದು. ಹೋದರೆ ಹದಿನೈದು ನಿಮಿಷ ಸಾಕು. ಪ್ರಾರ್ಥಿಸಲೇ ಅಂತ ಕೇಳಿ, ಹೂಂ ಅಂದರೆ ನಾಲ್ಕು ವಾಕ್ಯದಲ್ಲಿ ಮುಗಿಸಿ. "ಏನಾದರೂ ಬೇಕಿದ್ದರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಗುರುವಾರ ರಾತ್ರಿ ನಾನು ಆಸ್ಪತ್ರೆಯಲ್ಲಿ ಮಲಗುತ್ತೇನೆ, ನೀವು ಮನೆಗೆ ಹೋಗಿ" ಅನ್ನಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಇನ್ನೊಂದು ಕೇಳಲೇ? ಹಾಡಲು ಮನಸ್ಸೇ ಇಲ್ಲದಾಗ ಭಾನುವಾರ ಆರಾಧನೆಗೆ ಹೋಗಿ ಏನು ಪ್ರಯೋಜನ?

ಉತ್ತರ:
ಹೋಗಿ ತಂಗಿ. ನೀವು ಹಾಡಬೇಕಿಲ್ಲ, ಸಭೆ ನಿಮ್ಮ ಪಾಲಿನದನ್ನೂ ಹಾಡುತ್ತದೆ. ಬಾಗಿಲ ಹತ್ತಿರದ ಸಾಲಿನಲ್ಲಿ ಕೂತರೆ ಅಳು ಬಂದಾಗ ಎದ್ದು ಹೊರಗೆ ಹೋಗಲು ಸುಲಭ. ನಂಬಿಕಸ್ಥರೊಬ್ಬರಿಗೆ ಮೊದಲೇ ತಿಳಿಸಿಟ್ಟರೆ ಮುಗಿದ ಮೇಲೆ ಎಲ್ಲರೂ ಸುತ್ತುವರಿದು ವಿಚಾರಿಸದಂತೆ ಅವರು ನೋಡಿಕೊಳ್ಳುತ್ತಾರೆ. ನಿಮ್ಮವರಿಗೆ ಬರಲಾಗದಿದ್ದರೆ ಪ್ರಭುಭೋಜನವನ್ನು (ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ) ಮನೆಗೇ ತಂದುಕೊಡುವ ಪದ್ಧತಿ ಬಹಳ ಸಭೆಗಳಲ್ಲಿದೆ, ಪಾಸ್ಟರನ್ನೋ ಫಾದರನ್ನೋ ಒಂದೆರಡು ದಿನ ಮುಂಚೆ ಕೇಳಿ. ಅವರಿಗೆ ನುಂಗಲು ಕಷ್ಟವಿದ್ದರೆ ಅದನ್ನೂ ಆಗಲೇ ಹೇಳಿಬಿಡಿ, ತೀರಾ ಸಣ್ಣ ಚೂರು ಕೊಡುತ್ತಾರೆ.