ಶೇರ್ ಮಾಡಿದ ಫೋಲ್ಡರ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತೆರೆಯುತ್ತಿಲ್ಲ

ಪ್ರಶ್ನೆ: ಆಫೀಸಿಗೆ ವಿಂಡೋಸ್ 11 ಪ್ರೊ ಇರುವ ಹೊಸ ಲ್ಯಾಪ್‌ಟಾಪ್ ಬಂದಿದೆ. ಹಳೆಯ ಪಿಸಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಶೇರ್ ಮಾಡಿರುವ ಫೋಲ್ಡರ್ ಇದರಲ್ಲಿ ತೆರೆಯುತ್ತಿಲ್ಲ. ವಿಂಡೋಸ್ 10 ಇರುವ ಉಳಿದ ಕಂಪ್ಯೂಟರ್‌ಗಳಲ್ಲಿ ಸರಿಯಾಗಿದೆ. ಇಂಟರ್ನೆಟ್ ಬರುತ್ತಿದೆ. ಏನು ಮಾಡಲಿ?

ಉತ್ತರ 1: ಮೊದಲು ಪಿಸಿಯ ಹೆಸರಿನ ಬದಲು ಐಪಿ ವಿಳಾಸ ಹಾಕಿ ನೋಡಿ. ರನ್ ಬಾಕ್ಸ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಆಮೇಲೆ 192.168.1.10 ಥರದ ನಂಬರ್. ಅದು ತೆರೆದರೆ ಶೇರ್ ಚೆನ್ನಾಗಿದೆ, ಹೆಸರು ಮಾತ್ರ ಸಿಗುತ್ತಿಲ್ಲ ಎಂದರ್ಥ. ನಮ್ಮಲ್ಲಿ ಹಾಗೇ ಆಗಿತ್ತು. ರೂಟರ್‌ನಲ್ಲಿ ಆ ಪಿಸಿಗೆ ಒಂದೇ ಐಪಿ ಕಾಯಂ ಮಾಡಿದೆವು, ಮತ್ತೆ ಕಾಟವಿಲ್ಲ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೆ ಸೇರಿಕೊಂಡಿದೆಯಾ ನೋಡಿ. ಅಲ್ಲಿ ಇಂಟರ್ನೆಟ್ ಬಂದರೂ ಪಕ್ಕದ ಕಂಪ್ಯೂಟರ್ ಸಾಮಾನ್ಯವಾಗಿ ಸಿಗುವುದಿಲ್ಲ.

ಉತ್ತರ 2: ಹೊಸದರಲ್ಲಿ ಮಾತ್ರ ತೊಂದರೆ ಅಂದಿರಿ, ಅಲ್ವಾ? ಹಾಗಾದರೆ ನನ್ನ ಅನುಮಾನ ಪಾಸ್‌ವರ್ಡ್ ಮೇಲೆ. 2024ರಲ್ಲಿ ಬಂದ 24ಎಚ್2 ಅಪ್‌ಡೇಟ್ ನಂತರ ವಿಂಡೋಸ್ 11 ಪ್ರೊ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್‌ಗಳನ್ನು ತಾನಾಗಿಯೇ ತಡೆಯುತ್ತದೆ. ಹಳೆಯ ಪಿಸಿಯಲ್ಲಿ ಏನೂ ಕೆಟ್ಟಿರುವುದಿಲ್ಲ, ಹೊಸದು ಅದನ್ನು ನಂಬುವುದಿಲ್ಲ, ಅಷ್ಟೇ.

ನಾನು ಎಲ್ಲರಿಗೂ ಹೇಳುವ ದಾರಿ ಇದು. ಹಳೆಯ ಪಿಸಿಯಲ್ಲಿ ಶೇರ್‌ಗೆಂದೇ ಒಂದು ಲೋಕಲ್ ಯೂಸರ್ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಖಾಲಿ ಬಿಟ್ಟರೆ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದಿಲ್ಲ. ಫೋಲ್ಡರ್‌ನ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್‌ಗಳಲ್ಲಿ ಆ ಯೂಸರ್‌ಗೆ ಅನುಮತಿ ಇರಲಿ. ಒಂದರಲ್ಲಿ ಓದಲು ಮಾತ್ರ ಬಿಟ್ಟಿದ್ದರೆ, ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ (ವಿಂಡೋಸ್ ಲಾಗಿನ್ ವಿವರಗಳನ್ನು ಉಳಿಸಿಡುವ ಜಾಗ) ತೆರೆದು ಆ ಪಿಸಿಯ ಹಳೆಯ ಎಂಟ್ರಿ ತೆಗೆದುಹಾಕಿ, ಹೊಸ ಯೂಸರ್ ಹೆಸರಿನಲ್ಲಿ ಲಾಗಿನ್ ಆಗಿ. ತುಂಬಾ ಜನ ಇಲ್ಲಿ ಪಿನ್ ಒತ್ತುತ್ತಾರೆ. ಪಿನ್ ಆ ಕಂಪ್ಯೂಟರ್‌ಗೆ ಮಾತ್ರ, ಶೇರ್‌ಗೆ ಪಾಸ್‌ವರ್ಡೇ ಬೇಕು.

ಉತ್ತರ 3: ಯಾರಾದರೂ ಎಸ್‌ಎಂಬಿ 1 (ವಿಂಡೋಸ್ ಫೈಲ್ ಶೇರಿಂಗ್ ಪದ್ಧತಿಯ ಹಳೆಯ ಆವೃತ್ತಿ) ಆನ್ ಮಾಡಿ ಎಂದರೆ ದಯವಿಟ್ಟು ಮಾಡಬೇಡಿ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ವೈರಸ್ ದಾಳಿ ಹರಡಿದ್ದು ಅದೇ ಹಳೆಯ ಎಸ್‌ಎಂಬಿಯ ಲೋಪದಿಂದ. ಫೈರ್‌ವಾಲ್ ಪೂರ್ತಿ ಆಫ್ ಮಾಡುವುದೂ ಬೇಡ. ಎರಡೂ ಕಡೆ ನೆಟ್‌ವರ್ಕ್ ಪ್ರೈವೇಟ್ ಎಂದಿಟ್ಟು, ಹಳೆಯ ಪಿಸಿಯಲ್ಲಿ ಫೈಲ್ ಶೇರಿಂಗ್‌ಗೆ ಅನುಮತಿ ಕೊಟ್ಟರೆ ಸಾಕು. ಅದಕ್ಕೆ ಬೇಕಾದ 445 ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು) ಆಗ ತೆರೆದುಕೊಳ್ಳುತ್ತದೆ.