ಗಿಡದ ಟ್ಯಾಂಕಿಗೆ ಮನೆಯಲ್ಲೇ ಸಿಒಟು: ಮಾಡಿ ನೋಡಿದವರು ಹೇಳಿ

ಮೈಸೂರಿನಿಂದ:
ಎರಡಡಿ ಟ್ಯಾಂಕ್, ಸುಮಾರು 55 ಲೀಟರ್. ರೊಟಾಲಾ ಅನ್ನೋ ನೀರಿನ ಗಿಡ ನೆಟ್ಟು ಎರಡು ತಿಂಗಳಾಯಿತು. ಕೆಳಗಿನ ಎಲೆಗಳು ಉದುರುತ್ತಿವೆ. ಹತ್ತು ನಿಯಾನ್ ಟೆಟ್ರಾ ಮೀನು ಇವೆ. ಗಿಡಕ್ಕೆ ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಕೊಡಬೇಕು ಅಂತಿದ್ದೇನೆ. ಸಿಲಿಂಡರ್‌ಗೆ ಈಗ ದುಡ್ಡಿಲ್ಲ. ಸಕ್ಕರೆ-ಯೀಸ್ಟ್ ಬಾಟಲಿ ಸಾಕಾ, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್)-ಅಡುಗೆ ಸೋಡಾ ಕಿಟ್ ತಗೊಳ್ಳಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:
ನಾಲ್ಕು ವರ್ಷದಿಂದ ಯೀಸ್ಟ್ ಬಾಟಲಿಯೇ. ಯಾರು ಏನೇ ಅನ್ನಲಿ, ನಾನಂತೂ ಬಿಡೋದಿಲ್ಲ. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ, 400 ಗ್ರಾಂ ಸಕ್ಕರೆ, ಕಾಲು ಚಮಚ ಯೀಸ್ಟ್. ಮೊದಲ ಸಲ ಎರಡು ಚಮಚ ಸುರಿದಿದ್ದೆ, ನೀರನ್ನೂ ಕುತ್ತಿಗೆವರೆಗೆ ತುಂಬಿದ್ದೆ. ಬೆಳಗ್ಗೆ ಎದ್ದು ನೋಡಿದರೆ ನೊರೆ ಪೈಪ್ ಹತ್ತಿ ಟ್ಯಾಂಕಿಗೆ ಇಳಿದಿದೆ. ನೀರೆಲ್ಲ ಅಕ್ಕಿ ತೊಳೆದ ಹಾಗೆ ಬೆಳ್ಳಗೆ. ಮೂರು ದಿನ ದಿನಾ ಅರ್ಧ ನೀರು ಬದಲಾಯಿಸಿದೆ. ಆಮೇಲಿಂದ ಮುಕ್ಕಾಲು ಬಾಟಲಿ ಮಾತ್ರ ತುಂಬುತ್ತೇನೆ, ನಡುವೆ ಸಣ್ಣದೊಂದು ನೀರಿನ ಬಾಟಲಿ ಇಡುತ್ತೇನೆ. ನೊರೆ ಬಂದರೂ ಅಲ್ಲೇ ನಿಲ್ಲುತ್ತದೆ.

ದೋಸೆ ಹಿಟ್ಟು ಹೇಗೋ ಇದೂ ಹಾಗೇ. ಏಪ್ರಿಲ್‌ನಲ್ಲಿ ಹತ್ತೇ ದಿನಕ್ಕೆ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಎರಡು ದಿನವಾದರೂ ಗುಳ್ಳೆ ಬರೋದಿಲ್ಲ, ಬಾಟಲಿಗೆ ಹಳೇ ಸ್ವೆಟರ್ ಸುತ್ತುತ್ತೇನೆ. ಎರಡು ಬಾಟಲಿ ಜೋಡಿಸಿ ವಾರಕ್ಕೊಂದು ಬದಲಾಯಿಸಿದರೆ ಗ್ಯಾಸ್ ಒಂದೇ ಸಮ ಬರುತ್ತದೆ. ತಿಂಗಳಿಗೆ 1.6 ಕೆಜಿ ಸಕ್ಕರೆ, 75 ರೂಪಾಯಿ. ಅಷ್ಟೇ ಖರ್ಚು.

ಹುಬ್ಬಳ್ಳಿಯಿಂದ:
ಅಷ್ಟೇ ಖರ್ಚು ಅಂತೀರಲ್ಲ, ಮೀನಿನ ಲೆಕ್ಕ ಹಾಕಿದ್ದೀರಾ? ಯೀಸ್ಟ್ ಬಾಟಲಿಯಿಂದ ನನ್ನ ಹನ್ನೊಂದು ಟೆಟ್ರಾ ಹೋದವು. ಅದನ್ನ ರಾತ್ರಿ ಬಂದ್ ಮಾಡೋಕೆ ಆಗೋದಿಲ್ಲ. ಕತ್ತಲಲ್ಲಿ ಗಿಡ ಗ್ಯಾಸ್ ಹೀರೋದಿಲ್ಲ, ತಾನೇ ಬಿಡುತ್ತದೆ. ಮೇಲಿಂದ ಬಾಟಲಿಯದ್ದು ಬೇರೆ. ಗಾಳಿ ಪಂಪ್ ಹಾಕಿದ್ದೆ, ನಡುರಾತ್ರಿ ಕರೆಂಟ್ ಹೋಯಿತು. ಬೆಳಗ್ಗೆ ಐದಕ್ಕೆ ನೋಡಿದಾಗ ಎಲ್ಲ ಮೀನೂ ನೀರಿನ ಮೇಲೆ ಬಾಯಿ ತೆಗೆದುಕೊಂಡಿದ್ದವು. ನನ್ನ ಮಗಳು ಹೆಸರಿಟ್ಟ ಮೀನುಗಳು ರೀ.

ಈಗ ನಿಂಬೆ ಉಪ್ಪಿನ ಕಿಟ್. 1,650 ರೂಪಾಯಿ ಕೊಟ್ಟೆ. ಒಂದು ಬಾಟಲಿಗೆ 200 ಗ್ರಾಂ ನಿಂಬೆ ಉಪ್ಪು, ಇನ್ನೊಂದಕ್ಕೆ 200 ಗ್ರಾಂ ಸೋಡಾ. ಮೊದಲ ಎರಡು ಸಲ ಒಂದೇ ರಾತ್ರಿಯಲ್ಲಿ ಒತ್ತಡ ತೋರಿಸೋ ಮುಳ್ಳು ಸೊನ್ನೆಗೆ ಬಂತು, 150 ರೂಪಾಯಿ ನೀರುಪಾಲು. ಸೋಪಿನ ನೀರು ಹಚ್ಚಿದ ಮೇಲೆ ಗೊತ್ತಾಯಿತು, ಮುಚ್ಚಳದ ವಾಷರ್ ಓರೆಯಾಗಿ ಕೂತಿತ್ತು. ಹೊಸ ವಾಷರ್‌ಗೆ ಐದು ರೂಪಾಯಿ. ಈಗ ಒಮ್ಮೆ ತುಂಬಿದರೆ ಮೂರು ವಾರ. ರಾತ್ರಿ ವಾಲ್ವ್ ತಿರುಗಿಸಿ ನೆಮ್ಮದಿಯಾಗಿ ಮಲಗುತ್ತೇನೆ.

ದಾವಣಗೆರೆಯಿಂದ:
200 ಗ್ರಾಂ ಸೋಡಾಕ್ಕೆ 153 ಗ್ರಾಂ ನಿಂಬೆ ಉಪ್ಪು ಸಾಕು. ಬರೋ ಗ್ಯಾಸ್ ಹೆಚ್ಚೆಂದರೆ 105 ಗ್ರಾಂ. ಉಳಿದ 47 ಗ್ರಾಂ ಉಪ್ಪನ್ನ ಪ್ರತಿ ಸಲ ಸುಮ್ನೆ ಚೆಲ್ಲುತ್ತಿದ್ದೀರಿ. ನಾನು ಒಂದು ವರ್ಷ ಚೆಲ್ಲಿದ್ದೇನೆ, ಅದಕ್ಕೇ ಹೇಳಿದೆ.

ಬೆಂಗಳೂರಿನಿಂದ:
ಹುಬ್ಬಳ್ಳಿಯವರೇ, ನೀರಲ್ಲಿ ಗ್ಯಾಸ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸೋ ಡ್ರಾಪ್ ಚೆಕ್ಕರ್ ಇತ್ತಾ? ಅದರೊಳಗೆ ಯಾವ ನೀರು ಹಾಕಿದ್ದಿರಿ?

ಹುಬ್ಬಳ್ಳಿಯಿಂದ:
ಇತ್ತು. ಟ್ಯಾಂಕಿನ ನೀರೇ ಹಾಕಿದ್ದೆ, ನಮ್ಮದು ಬೋರ್‌ವೆಲ್. ನೀಲಿ ಬಣ್ಣವೇ ಇತ್ತು, ಅದಕ್ಕೇ ಗ್ಯಾಸ್ ಸಾಲದು ಅಂತ ಎರಡನೇ ಬಾಟಲಿ ಸೇರಿಸಿದೆ.

ಬೆಂಗಳೂರಿನಿಂದ:
ಅಲ್ಲೇ ತಪ್ಪಿದ್ದು. ಅದಕ್ಕೆ 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ನೀರೇ ಬೇಕು. ಆಗ ಮಾತ್ರ ಹಸಿರು ಅಂದರೆ ಗ್ಯಾಸ್ ಸುಮಾರು 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ). ಗಡಸು ಬೋರ್ ನೀರು ಹಾಕಿದರೆ ಗ್ಯಾಸ್ ಜಾಸ್ತಿಯಾದರೂ ನೀಲಿಯೇ ತೋರಿಸುತ್ತದೆ. ಯೀಸ್ಟ್ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ?

ಹುಬ್ಬಳ್ಳಿಯಿಂದ:
ಮೀನು ಸತ್ತಿದ್ದು ನಂದು, ಪಾಠ ನೀವು ಹೇಳ್ತೀರಿ. ಬಂದ್ ಮಾಡೋಕೆ ವಾಲ್ವ್ ಇದ್ದಿದ್ದರೆ ಚೆಕ್ಕರ್ ಏನೇ ತೋರಿಸಿದರೂ ಅವು ಉಳೀತಿದ್ದವು.

ಶಿವಮೊಗ್ಗದಿಂದ:
ಗ್ಯಾಸೇ ಬೇಡ ಅನ್ನೋ ಪಕ್ಷ ನನ್ನದು. ಮೂರು ವರ್ಷ ಗ್ಯಾಸ್ ಹಾಕಿದೆ. ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ. ಅನೂಬಿಯಾಸ್ ಎಲೆಯ ಅಂಚಿಗೆಲ್ಲ ಕಪ್ಪು ಗಡ್ಡದ ಪಾಚಿ ಹತ್ತಿತು. ಉಗುರಿನಲ್ಲಿ ಕೆರೆದರೆ ಎಲೆಯೇ ಹರಿಯುತ್ತಿತ್ತು, ಪಾಚಿ ಬಿಡುತ್ತಿರಲಿಲ್ಲ. ಎಲ್ಲ ಕಿತ್ತೆಸೆದೆ. ಈಗ ಜಾವಾ ಫರ್ನ್, ವ್ಯಾಲಿಸ್ನೇರಿಯಾ, ಜೊತೆಗೆ ಊರಿನ ಹಳ್ಳದಿಂದ ತಂದ ಲ್ಯಾಗೆನ್ಯಾಂಡ್ರಾ. ಬೆಳಕು ದಿನಕ್ಕೆ ಆರು ಗಂಟೆ. ಎಲ್ಲ ಚೆನ್ನಾಗಿವೆ.

ದಾವಣಗೆರೆಯಿಂದ:
ಹಳ್ಳದಿಂದ ಗಿಡ ಕಿತ್ತು ತಂದಿದ್ದನ್ನ ಇಷ್ಟು ಸಲೀಸಾಗಿ ಹೇಳ್ತೀರಲ್ಲ ಮೇಡಂ? ಅದು ಪಶ್ಚಿಮ ಘಟ್ಟದ ಗಿಡ. ಒಬ್ಬೊಬ್ಬರು ಒಂದೊಂದು ತಂದರೆ ಹಳ್ಳದಲ್ಲಿ ಏನು ಉಳಿಯುತ್ತದೆ?

ಶಿವಮೊಗ್ಗದಿಂದ:
ನಮ್ಮ ತೋಟದ ಪಕ್ಕದ ಹಳ್ಳ ಅದು. ಮಳೆಗಾಲದಲ್ಲಿ ಕೊಚ್ಚಿಬಂದು ದಂಡೆಯಲ್ಲಿ ಒಣಗುತ್ತಿದ್ದ ಒಂದು ಗೆಡ್ಡೆ ತಂದೆ. ಅದರಿಂದ ಆರು ಗಿಡ ಮಾಡಿ ಸ್ನೇಹಿತರಿಗೆ ಕೊಟ್ಟಿದ್ದೇನೆ, ಒಂದು ರೂಪಾಯಿ ತಗೊಂಡಿಲ್ಲ. ಸುಮ್ನೆ ಕಳ್ಳಿ ಮಾಡಬೇಡಿ.

ಮೈಸೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮಲ್ಲೂ ಕರೆಂಟ್ ಹೋಗುತ್ತದೆ. ಹಾಗಾದರೆ ಕಿಟ್ ತಗೊಳ್ಳೋದು ಸರಿನಾ?

ದಾವಣಗೆರೆಯಿಂದ:
ತಗೊಳ್ಳಿ, 153 ಗ್ರಾಂ ಮರೀಬೇಡಿ. ಮೇಡಂ, ಕಳ್ಳಿ ಅಂತ ನಾನು ಎಲ್ಲೂ ಅಂದಿಲ್ಲ. ಆದರೆ ಆ ಹಳ್ಳದ ಹೆಸರನ್ನ ಮಾತ್ರ ಇಲ್ಲಿ ಬರೀಬೇಡಿ.

ಶಿವಮೊಗ್ಗದಿಂದ:
ಬರೆದಿಲ್ಲ, ಬರೆಯೋದೂ ಇಲ್ಲ.